ಟ್ರ್ಯಾಕ್ಟರ್ ಟ್ರಾಲಿಗೆ ವೀಲ್ ಲಾಕ್: ಕೊಪ್ಪಳ, ರಾಯಚೂರು, ಬಳ್ಳಾರಿ ರೈತರು ಪದೇ ಪದೇ ಕೇಳುವ ಪ್ರಶ್ನೆಗಳು

ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ, ಸಿರುಗುಪ್ಪ, ಕಂಪ್ಲಿ. ತುಂಗಭದ್ರಾ ಕಾಲುವೆ ನೀರು ಹರಿಯುವ ಕಡೆಯೆಲ್ಲ ಮನೆ ಮುಂದೆ, ಕಣದಲ್ಲಿ, ರೈಸ್ ಮಿಲ್ ಹೊರಗೆ ಟ್ರಾಲಿಗಳು ನಿಂತಿರುತ್ತವೆ. ಟ್ರ್ಯಾಕ್ಟರ್‌ಗೆ ಕೀಲಿ ಇದೆ. ಟ್ರಾಲಿಗೆ ಯಾವ ಕೀಲಿಯೂ ಇಲ್ಲ. ಲಕ್ಷಗಟ್ಟಲೆ ಬೆಲೆಯ ವಸ್ತು ರಾತ್ರಿಯೆಲ್ಲ ಬಯಲಲ್ಲಿ ಹಾಗೇ ನಿಂತಿರುತ್ತದೆ. ಗಾಲಿಗೆ ಹಾಕುವ ಲಾಕ್ ಬಗ್ಗೆ ರೈತರು ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಫುಡ್ ಟ್ರೇಲರ್, ಕ್ಯಾರವಾನ್ (ಒಳಗೇ ಮಲಗಿ ಊರೂರು ಸುತ್ತುವ ಗಾಡಿ) ಇಟ್ಟುಕೊಂಡವರಿಗೂ ಇದರಲ್ಲಿ ಬಹಳಷ್ಟು ಉಪಯೋಗಕ್ಕೆ ಬರುತ್ತದೆ.

ಕಳ್ಳರು ಟ್ರಾಲಿಯನ್ನು ಒಯ್ಯುವುದು ಹೇಗೆ?

ತಮ್ಮದೇ ಟ್ರ್ಯಾಕ್ಟರ್ ತರುತ್ತಾರೆ. ಅದರ ಹುಕ್ಕಿಗೆ ಟ್ರಾಲಿಯ ರಿಂಗು ಕೂಡಿಸಿ ಪಿನ್ನು ಇಳಿಸುತ್ತಾರೆ, ಹೊರಟುಬಿಡುತ್ತಾರೆ. ಕೆಲವೇ ನಿಮಿಷದ ಕೆಲಸ. ಸುಗ್ಗಿ ದಿನಗಳಲ್ಲಿ ರಾತ್ರಿಯಿಡೀ ಟ್ರ್ಯಾಕ್ಟರ್ ಓಡಾಡುತ್ತಲೇ ಇರುತ್ತವೆ. ಹಾಗಾಗಿ ಸದ್ದು ಕೇಳಿದರೂ ಯಾರೂ ಎದ್ದು ನೋಡುವುದಿಲ್ಲ.

ಇನ್ನೊಂದು ರೀತಿಯೂ ಇದೆ. ಟ್ರಾಲಿಯನ್ನು ಅಲ್ಲೇ ಬಿಟ್ಟು ಗಾಲಿಗಳನ್ನಷ್ಟೇ ಬಿಚ್ಚಿಕೊಂಡು ಹೋಗುತ್ತಾರೆ. ಟೈರು, ಡಿಸ್ಕು (ಟೈರು ಕೂರುವ ಕಬ್ಬಿಣದ ಚಕ್ರ) ಬಿಡಿಬಿಡಿಯಾಗಿ ಮಾರಾಟವಾಗುತ್ತವೆ. ಬೆಳಿಗ್ಗೆ ಬಂದು ನೋಡಿದರೆ ಟ್ರಾಲಿ ಕಲ್ಲಿನ ಮೇಲೆ ನಿಂತಿರುತ್ತದೆ. ಲಾಕ್ ಆರಿಸುವಾಗ ಈ ಎರಡೂ ರೀತಿ ತಲೆಯಲ್ಲಿರಬೇಕು.

ವೀಲ್ ಲಾಕ್ ಹಾಕಿದರೆ ಕಳ್ಳತನ ಪೂರ್ತಿ ನಿಲ್ಲುತ್ತದೆಯೇ?

ಇಲ್ಲ. ಕಬ್ಬಿಣ ಕತ್ತರಿಸುವ ಬ್ಯಾಟರಿ ಗ್ರೈಂಡರ್ ಮುಂದೆ ಯಾವ ಲಾಕೂ ಕೊನೆತನಕ ನಿಲ್ಲುವುದಿಲ್ಲ. ಆದರೆ ಗ್ರೈಂಡರ್ ಕಿಡಿ ಹಾರಿಸುತ್ತದೆ, ಕಿರುಚುತ್ತದೆ. ಆ ಸದ್ದು ಟ್ರ್ಯಾಕ್ಟರ್ ಸದ್ದಿನ ಹಾಗಲ್ಲ, ನಡುರಾತ್ರಿ ಓಣಿಯಲ್ಲಿ ಕೇಳಿಸಿದರೆ ನಾಯಿಯೂ ಬೊಗಳುತ್ತದೆ, ಜನವೂ ಏಳುತ್ತಾರೆ. ಕಳ್ಳನಿಗೆ ಬೇಕಾದದ್ದು ಸದ್ದಿಲ್ಲದ ನಾಲ್ಕೈದು ನಿಮಿಷ. ಲಾಕ್ ಅದನ್ನು ಕಸಿದುಕೊಳ್ಳುತ್ತದೆ. ಹೀಗಾಗಿ ಲಾಕ್ ಎಷ್ಟು ಗಟ್ಟಿ ಅನ್ನುವಷ್ಟೇ ಮುಖ್ಯ, ಟ್ರಾಲಿ ಎಲ್ಲಿ ನಿಂತಿದೆ ಅನ್ನುವುದು. ಅಡವಿಯಲ್ಲಿ ಒಂಟಿಯಾಗಿ ನಿಂತ ಟ್ರಾಲಿಗೆ ಲಾಕ್ ಒಂದೇ ಸಾಲದು.

ಯಾವ ಯಾವ ನಮೂನೆ ಲಾಕ್‌ಗಳಿವೆ?

ಜಾಸ್ತಿ ಕಾಣುವುದು ಕ್ಲ್ಯಾಂಪ್. ಎರಡು ತೋಳು ಟೈರನ್ನು ಒಳಗೂ ಹೊರಗೂ ಹಿಡಿಯುತ್ತವೆ, ಮುಂದೆ ಒಂದು ಪ್ಲೇಟ್ ಇರುತ್ತದೆ. ಟ್ರಾಫಿಕ್ ಪೊಲೀಸರು ಕಾರಿಗೆ ಹಾಕುತ್ತಾರಲ್ಲ, ಅದೇ. ಇದರಲ್ಲಿ ನೋಡಬೇಕಾದ್ದು ಆ ಮುಂದಿನ ಪ್ಲೇಟನ್ನು. ಅದು ಗಾಲಿಯ ನಟ್ಟುಗಳನ್ನು ಪೂರ್ತಿ ಮುಚ್ಚಬೇಕು. ನಟ್ಟು ಬಿಚ್ಚಲು ಸ್ಪ್ಯಾನರ್ ಹೋಗುವಷ್ಟು ಜಾಗ ಉಳಿದರೆ ಕಳ್ಳ ಲಾಕ್ ಮುಟ್ಟುವುದೇ ಇಲ್ಲ. ಗಾಲಿ ಬಿಚ್ಚಿ, ತಾನು ತಂದ ಬೇರೆ ಗಾಲಿ ಹಾಕಿಕೊಂಡು ಹೋಗುತ್ತಾನೆ. ಸಾದಾ ಕ್ಲ್ಯಾಂಪ್‌ಗೆ ಇನ್ನೊಂದು ಕೊರತೆಯೂ ಇದೆ. ಟೈರಿನ ಗಾಳಿ ಬಿಟ್ಟರೆ ಟೈರು ಕುಗ್ಗಿ ಕ್ಲ್ಯಾಂಪ್ ಸಡಿಲವಾಗುತ್ತದೆ. ತೋಳುಗಳು ರಿಮ್ಮಿನ ಅಂಚನ್ನು ದಾಟಿ ಒಳಗೆ ಹೋಗುವಂತಿದ್ದರೆ ಈ ಆಟ ನಡೆಯುವುದಿಲ್ಲ.

ಎರಡನೆಯದು ಡಿಸ್ಕಿನ ತೂತಿನೊಳಗೆ ಹಾಯುವ ಲಾಕ್. ಟ್ರಾಲಿ ಚಾಸಿಗೆ (ತೊಟ್ಟಿಯ ಕೆಳಗಿನ ಕಬ್ಬಿಣದ ಚೌಕಟ್ಟಿಗೆ) ತೂತಿರುವ ಗಟ್ಟಿ ಪ್ಲೇಟ್ ಬೆಸೆದಿರುತ್ತಾರೆ. ಕಬ್ಬಿಣದ ಸರಳು ಡಿಸ್ಕಿನ ಮೂಲಕ ಹಾದು ಅದರಲ್ಲಿ ಕೂರುತ್ತದೆ. ಗಾಲಿ ತಿರುಗುವುದಿಲ್ಲ, ಬಿಚ್ಚಿ ತೆಗೆಯಲೂ ಆಗುವುದಿಲ್ಲ. ಇಂಗ್ಲೆಂಡಿನಲ್ಲಿ ಕ್ಯಾರವಾನ್‌ಗಳಿಗೆ ಹಾಕುವ ಆಲ್ಕೊ ಕಂಪನಿಯ ಲಾಕ್ ಇದೇ ತತ್ವದ ಮೇಲೆ ಕೆಲಸ ಮಾಡುತ್ತದೆ. ನನ್ನ ಲೆಕ್ಕದಲ್ಲಿ ಟ್ರಾಲಿಗೆ ಇದೇ ಒಳ್ಳೆಯದು. ಒಂದು ಸಲ ಕೂರಿಸಿದರೆ ದಿನಾ ಹಾಕುವುದೂ ಸಲೀಸು.

ಸರಪಳಿ ಮೂರನೆಯದು. ಎರಡು ಗಾಲಿಗಳ ಡಿಸ್ಕಿನ ತೂತಿನಿಂದ ಹಾಯಿಸಿ, ಚಾಸಿ ಸುತ್ತಿ ಬೀಗ ಹಾಕುವುದು. ಅಂಗಡಿಯಲ್ಲಿ ತೂಕಕ್ಕೆ ಸಿಗುವ ಸಾದಾ ಜಿಐ (ಸತುವಿನ ಲೇಪದ) ಸರಪಳಿ ಮೆತ್ತಗಿರುತ್ತದೆ, ಕೈ ಕಟರ್‌ಗೇ ತುಂಡಾಗುತ್ತದೆ. 10 ಎಂಎಂಗಿಂತ ದಪ್ಪದ, ಹದ ಕೊಟ್ಟ ಉಕ್ಕಿನ ಸರಪಳಿಯನ್ನೇ ಕೇಳಿ ತರಬೇಕು.

ನಮ್ಮ ಟ್ರಾಲಿಗೆ ಯಾವ ಸೈಜ್ ಬೇಕು?

ಟೈರಿನ ಪಕ್ಕದಲ್ಲಿ 9.00-16 ಅಥವಾ 7.50-16 ಅಂತ ಬರೆದಿರುತ್ತದೆ. ಮೊದಲ ಅಂಕಿ ಟೈರಿನ ಅಗಲ, ಎರಡನೆಯದು ರಿಮ್ಮಿನ ಅಳತೆ, ಎರಡೂ ಇಂಚಿನಲ್ಲಿ. 9 ಇಂಚು ಅಂದರೆ ಸುಮಾರು 229 ಎಂಎಂ. ಆನ್‌ಲೈನ್‌ನಲ್ಲಿ ಸಿಗುವ ಕ್ಲ್ಯಾಂಪ್‌ಗಳು ಬಹುತೇಕ ಕಾರಿನ ಟೈರಿಗೆ ಮಾಡಿದವು, ನಮ್ಮ ಟ್ರಾಲಿ ಟೈರಿಗೆ ಕೂರುವುದಿಲ್ಲ. ಬರೆದ ಅಂಕಿಯನ್ನಷ್ಟೇ ನಂಬಬೇಡಿ. ಗಾಳಿ ತುಂಬಿದ ಟೈರು ನಡುವೆ ಉಬ್ಬಿರುತ್ತದೆ, ಟೇಪ್ ಹಿಡಿದು ಅಲ್ಲೇ ಅಳೆಯಿರಿ. ಟೈರಿನ ಒಳಬದಿಗೂ ಚಾಸಿಗೂ ನಡುವೆ ಎಷ್ಟು ಸಂದು ಇದೆ ಎಂದೂ ನೋಡಿ. ತೋಳು ಹೋಗಲು ಅಲ್ಲಿ ಜಾಗ ಬೇಕಲ್ವಾ?

ಊರಿನ ವೆಲ್ಡಿಂಗ್ ಶಾಪ್‌ನಲ್ಲಿ ಮಾಡಿಸಬಹುದಾ?

ಖಂಡಿತ ಮಾಡಿಸಬಹುದು. ಟ್ರಾಲಿಯನ್ನೇ ಕಟ್ಟುವ ಕೈಗಳು ಅವು. ಅಳತೆ ಸರಿಯಾಗಿ ಕೂರುತ್ತದೆ, ಮುರಿದರೆ ರಿಪೇರಿಯೂ ಅಲ್ಲೇ ಆಗುತ್ತದೆ. ಕೆಲವು ವಿಷಯ ಮಾತ್ರ ಮೊದಲೇ ಹೇಳಿ ಮಾಡಿಸಿ.

ಪ್ಲೇಟ್ 8 ಎಂಎಂಗಿಂತ ತೆಳ್ಳಗಿರಬಾರದು. ಮಡಚುವ ಕಡೆ ಬೋಲ್ಟ್ ಹಾಕಿದರೆ ಅದರ ತಲೆಯನ್ನು ಬೆಸೆಯಲು ಹೇಳಿ, ಇಲ್ಲವಾದರೆ ಸ್ಪ್ಯಾನರ್‌ನಿಂದ ಬಿಚ್ಚಿಬಿಡುತ್ತಾರೆ. ಬೀಗ ಹೊರಗೆ ನೇತಾಡುವಂತೆ ಬಿಡಬೇಡಿ. ಒಂದು ದಪ್ಪ ಪೈಪಿನ ತುಂಡು ಬೆಸೆದು, ಬೀಗ ಅದರೊಳಗೆ ಕೂರುವ ಹಾಗೆ ಮಾಡಿಸಿ. ಕೈ ಒಳಗೆ ಹೋಗಬೇಕು, ಕಟರ್ ಹೋಗಬಾರದು. ಇಡೀ ಲಾಕ್‌ನ ಬಲ ನಿಂತಿರುವುದೇ ಈ ಪೈಪಿನ ಮೇಲೆ. ಅಲ್ಲಿ ನೂರಿನ್ನೂರು ರೂಪಾಯಿ ಉಳಿಸಲು ಹೋಗಬೇಡಿ.

ಚಾಸಿಗೆ ಪ್ಲೇಟ್ ಬೆಸೆಯುವಾಗ ಒಂದು ಎಚ್ಚರಿಕೆ. ಗಾಲಿಯ ಅಚ್ಚಿನ ಮೇಲೆ ಬೆಸೆಯಲು ಬಿಡಬೇಡಿ. ಭಾರ ಹೊರುವ ಕಬ್ಬಿಣ ಅದು, ಬೆಸುಗೆಯ ಕಾವಿಗೆ ಆ ಜಾಗ ಹದ ಕಳೆದುಕೊಳ್ಳುತ್ತದೆ. ವೆಲ್ಡಿಂಗ್‌ನ ಅರ್ಥ್ ಕ್ಲಿಪ್ಪನ್ನು ಬೆಸೆಯುವ ಜಾಗದ ಹತ್ತಿರವೇ, ಚಾಸಿಗೇ ಹಾಕಬೇಕು. ಗಾಲಿಗೋ ಡಿಸ್ಕಿಗೋ ಹಾಕಿದರೆ ಕರೆಂಟ್ ಬೇರಿಂಗ್ ಮೂಲಕ ಹರಿದು ಅದರ ಗುಂಡುಗಳನ್ನು ಸುಡುತ್ತದೆ. ಆರು ತಿಂಗಳಾದ ಮೇಲೆ ಬೇರಿಂಗ್ ಸದ್ದು ಮಾಡಿದಾಗ ಕಾರಣ ಯಾರಿಗೂ ಹೊಳೆಯುವುದಿಲ್ಲ.

ಕೊನೆಗೆ ಹಳದಿ ಅಥವಾ ಕೆಂಪು ಬಣ್ಣ ಹೊಡೆಸಿ. ದೂರದಿಂದಲೇ ಕಾಣಲಿ. ಅದೇ ಹೊತ್ತಿಗೆ ಟ್ರಾಲಿಯ ಹಿಂದೆ ರೇಡಿಯಂ ಪಟ್ಟಿಯನ್ನೂ ಅಂಟಿಸಿ. ಇದು ಕಳ್ಳತನದ ಮಾತಲ್ಲ, ರಾತ್ರಿ ಹಿಂದಿನಿಂದ ಬರುವ ಬೈಕ್ ಸವಾರನ ಜೀವದ ಮಾತು.

ಬೀಗ ಎಂಥದ್ದಿರಬೇಕು?

ಕಂಬಿ ದಪ್ಪವಿರಬೇಕು, ಹೊರಗೆ ಆದಷ್ಟು ಕಡಿಮೆ ಕಾಣಬೇಕು. ಉದ್ದ ಕಂಬಿಯ ಬೀಗದಲ್ಲಿ ಸರಳು ತೂರಿಸಿ ತಿರುಚಿದರೆ ಮುರಿಯುತ್ತದೆ. ದುಂಡಗಿನ ಡಿಸ್ಕ್ ಬೀಗದಲ್ಲಿ ಕಂಬಿ ಮುಕ್ಕಾಲು ಪಾಲು ಒಳಗೇ ಅಡಗಿರುತ್ತದೆ, ಅದು ಒಳ್ಳೆಯದು. ಮನೆಯ ಪೆಟ್ಟಿಗೆಗೆ ಹಾಕುವ ಹಳೆ ಬೀಗ ತಂದು ಇಲ್ಲಿ ಹಾಕಬೇಡಿ.

ಬೀಗದ ಜೊತೆ ಬರುವ ಕೀಲಿಕೈಗಳಲ್ಲಿ ಒಂದನ್ನು ಮನೆಯಲ್ಲಿ ಬೇರೆ ಕಡೆ ಇಡಿ. ಎಲ್ಲವನ್ನೂ ಒಂದೇ ಗೊಂಚಲಿನಲ್ಲಿ ಕಟ್ಟಿ ಟ್ರ್ಯಾಕ್ಟರ್‌ನ ಟೂಲ್ ಬಾಕ್ಸ್‌ಗೆ ಹಾಕುವವರು ಬಹಳ ಜನ.

ಒಂದೇ ಗಾಲಿಗೆ ಹಾಕಿದರೆ ಸಾಕಾ?

ಎರಡು ಗಾಲಿಯ ಖಾಲಿ ಟ್ರಾಲಿ ಆಗಿದ್ದರೆ ಸಾಲದು. 45-50 ಎಚ್‌ಪಿ ಟ್ರ್ಯಾಕ್ಟರ್ ಒಂದು ಗಾಲಿ ತಿರುಗದಿದ್ದರೂ ಅದನ್ನು ದರದರ ಎಳೆದುಕೊಂಡು ಹೋಗುತ್ತದೆ. ಹಸಿ ಎರೆಮಣ್ಣಿನಲ್ಲಂತೂ ಇನ್ನೂ ಸಲೀಸು, ಗಾಲಿ ಜಾರುತ್ತದೆ. ಡಾಂಬರ್ ರಸ್ತೆಯಲ್ಲಿ ಮಾತ್ರ ಟೈರು ಸವೆದು ವಾಸನೆ ಬರುತ್ತದೆ, ಬಹಳ ದೂರ ಹೋಗಲಾಗದು. ಆದ್ದರಿಂದ ಒಂದು ಗಾಲಿಗೆ ಲಾಕ್, ಜೊತೆಗೆ ಹುಕ್ಕಿಗೂ ಲಾಕ್. ನಾಲ್ಕು ಗಾಲಿಯ ಟ್ರಾಲಿಯಾದರೆ ಹಿಂದಿನ ಗಾಲಿ ಒಂದಕ್ಕೆ, ಮುಂದಿನ ತಿರುಗುವ ಅಚ್ಚಿನ ಗಾಲಿ ಒಂದಕ್ಕೆ ಹಾಕಿ.

ಹುಕ್ಕಿಗೆ ಲಾಕ್ ಅಂದರೆ ಏನು?

ಟ್ರಾಲಿಯ ಮುಂದಿನ ರಿಂಗಿನಲ್ಲಿ ಪಿನ್ನು ಇಳಿಯದ ಹಾಗೆ ಮಾಡುವುದು. ಎತ್ತಿಗೆ ಮೂಗುದಾರ ಹೇಗೋ ಟ್ರಾಲಿಗೆ ಆ ರಿಂಗು ಹಾಗೆ. ಅದನ್ನು ಹಿಡಿಯಲು ಆಗದಿದ್ದರೆ ಮುಂದಕ್ಕೆ ಎಳೆಯುವುದು ಕಷ್ಟ. ರಿಂಗಿನ ತೂತಿಗೆ ಸರಿಯಾಗಿ ಕೂರುವ ದಪ್ಪ ಸರಳಿನ ತುಂಡು, ಎರಡೂ ಕಡೆ ಅಗಲ ತಲೆ, ಒಂದು ಕಡೆ ಬೀಗ ಹಾಕಲು ತೂತು. ಇಷ್ಟೇ. ಕಡಿಮೆ ಖರ್ಚಿನ ಕೆಲಸ. ಆದರೆ ಇದೊಂದನ್ನೇ ನಂಬಬೇಡಿ, ರಿಂಗಿಗೆ ಸರಪಳಿ ಸುತ್ತಿಯೂ ಎಳೆಯುತ್ತಾರೆ.

ದಿನಾ ಹೇಗೆ ಹಾಕಬೇಕು?

ಮೊದಲು ಸಮ ನೆಲ ನೋಡಿ ನಿಲ್ಲಿಸಿ, ಗಾಲಿಗಳಿಗೆ ಅಡ್ಡಗಲ್ಲು ಕೊಡಿ. ಟ್ರ್ಯಾಕ್ಟರ್ ಬಿಡಿಸುವ ಮೊದಲೇ ವೀಲ್ ಲಾಕ್ ಹಾಕಿ. ಡಿಸ್ಕಿನ ತೂತು ಚಾಸಿಯ ಪ್ಲೇಟ್‌ಗೆ ನೇರ ಬಾರದಿದ್ದರೆ ಟ್ರ್ಯಾಕ್ಟರನ್ನು ತುಸು ಹಿಂದೆ ಮುಂದೆ ಮಾಡಿ ಕೂಡಿಸಬಹುದು. ಬಿಡಿಸಿದ ಮೇಲೆ ಅದಾಗುವುದಿಲ್ಲ. ಬೀಗದ ಬಾಯಿ ಕೆಳಮುಖವಾಗಿರಲಿ, ಮಳೆ ನೀರು ಇಳಿಯುವುದಿಲ್ಲ. ಗೋಡೆ ಬದಿಯ ಗಾಲಿಗೆ ಹಾಕಬೇಡಿ, ರಸ್ತೆಗೆ ಕಾಣುವ ಗಾಲಿಗೆ ಹಾಕಿ. ಕತ್ತರಿಸಲು ಕೂತವನೂ ರಸ್ತೆಗೆ ಕಾಣಬೇಕು.

ಎತ್ತುವ ಟ್ರಾಲಿಯಾದರೆ ತೊಟ್ಟಿಯನ್ನು ಪೂರ್ತಿ ಕೆಳಗಿಳಿಸಿಯೇ ನಿಲ್ಲಿಸಿ. ಮಕ್ಕಳು ಅದರ ಕೆಳಗೆ ಆಡಲು ಹೋಗುತ್ತಾರೆ.

ಲಾಕ್ ಇದ್ದದ್ದು ಮರೆತು ಟ್ರ್ಯಾಕ್ಟರ್ ಎಳೆದರೆ?

ಡಿಸ್ಕ್ ಬಾಗಬಹುದು, ಚಾಸಿಗೆ ಬೆಸೆದ ಪ್ಲೇಟ್ ಕಿತ್ತು ಬರಬಹುದು. ನಸುಕಿನಲ್ಲಿ ಕೆಲಸಕ್ಕೆ ಹೊರಡುವಾಗ ಹೀಗಾಗುವುದೇ ಹೆಚ್ಚು. ಲಾಕ್ ಹಾಕಿದ ಕೂಡಲೇ ಟ್ರ್ಯಾಕ್ಟರ್ ಸ್ಟೇರಿಂಗಿಗೆ ಒಂದು ಕೆಂಪು ಬಟ್ಟೆ ಕಟ್ಟಿ. ಡ್ರೈವರ್ ಬೇರೆಯವನಾದರೂ ಅವನಿಗೆ ತಿಳಿಯುತ್ತದೆ.

ಎಪಿಎಂಸಿ ಮುಂದೆ, ಮಿಲ್ ಮುಂದೆ ರಾತ್ರಿ ಸರದಿಯಲ್ಲಿ ನಿಲ್ಲಬೇಕಾಗುತ್ತದೆ. ಅಲ್ಲಿಯೂ ಹಾಕಬೇಕಾ?

ಸರದಿ ಮುಂದೆ ಸರಿಯುವ ಕಡೆ ಹಾಕಿದರೆ ಹಿಂದಿನವರಿಗೆ ತೊಂದರೆ. ರಾಯಚೂರಿನಲ್ಲಿ ಹತ್ತಿ ಸೀಸನ್ ಜೋರಿದ್ದಾಗ, ಕಾರಟಗಿ, ಸಿಂಧನೂರಿನಲ್ಲಿ ಭತ್ತ ಬರುವಾಗ ಇದು ಎಲ್ಲರಿಗೂ ಗೊತ್ತಿರುವ ಮಾತು. ಟ್ರ್ಯಾಕ್ಟರ್ ಕೂಡಿಸಿಯೇ ಇದ್ದರೆ ಹುಕ್ಕಿನ ಪಿನ್ನಿಗೆ ಬೀಗ ಹಾಕಿ ಅಲ್ಲೇ ಮಲಗಿ. ಗೇಟು ಮುಚ್ಚಿ, ಬೆಳಗಿನ ತನಕ ಸರದಿ ಕದಲುವುದಿಲ್ಲ ಅಂತ ಖಾತ್ರಿಯಾದರೆ ಮಾತ್ರ ವೀಲ್ ಲಾಕ್ ಹಾಕಿ. ಟ್ರಾಲಿಯನ್ನಷ್ಟೇ ಬಿಟ್ಟು ಊರಿಗೆ ಬರುವುದಾದರೆ ಎರಡೂ ಲಾಕ್ ಬೇಕೇ ಬೇಕು. ಪಕ್ಕದ ಟ್ರಾಲಿಯವರ ಫೋನ್ ನಂಬರ್ ಇಸಿದುಕೊಂಡು ಬನ್ನಿ, ನಿಮ್ಮದೂ ಕೊಡಿ.

ಹೊಲದಲ್ಲೇ ಬಿಡುವುದು ಅನಿವಾರ್ಯ. ನೆಲಕ್ಕೆ ಕಟ್ಟಿಹಾಕಬಹುದಾ?

ಗೂಟ ಹೊಡೆದು ಕಟ್ಟುವವರಿದ್ದಾರೆ. ಎರೆಭೂಮಿಯಲ್ಲಿ ಅದು ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ನೆಲ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಉಬ್ಬಿ ಮೆತ್ತಗಾಗುತ್ತದೆ. ಎರಡೂ ಕಾಲದಲ್ಲಿ ಗೂಟ ಅಲುಗಾಡಿ ಮೇಲೆ ಬರುತ್ತದೆ. ಮೂರು ಅಡಿ ಗುಂಡಿ ತೋಡಿ, ಸರಳಿನ ಬುಡಕ್ಕೆ ಅಡ್ಡ ಕಬ್ಬಿಣ ಬೆಸೆದು, ಕಾಂಕ್ರೀಟ್ ತುಂಬಿ, ಮೇಲೆ ಬಳೆ ಮಾತ್ರ ಕಾಣುವಂತೆ ಮಾಡಿದರೆ ಗಟ್ಟಿ. ಪಂಪ್‌ಸೆಟ್ ಮನೆ ಪಕ್ಕ ಇಂಥದ್ದೊಂದು ಮಾಡಿಕೊಂಡರೆ ಟ್ರಾಲಿಗೂ ಆಯಿತು, ಕಲ್ಟಿವೇಟರ್, ರೋಟಾವೇಟರ್‌ಗಳಿಗೂ ಆಯಿತು. ದೊಡ್ಡ ಬೇವಿನ ಮರವಿದ್ದರೆ ಅದಕ್ಕೆ ಸರಪಳಿ ಸುತ್ತಬಹುದು. ತೊಗಟೆ ಸುಲಿಯದಂತೆ ನಡುವೆ ಗೋಣಿಚೀಲ ಇಡಿ.

ಟ್ರಾಲಿ ಸುತ್ತ ಕರೆಂಟ್ ತಂತಿ ಹಾಕಿದರೆ?

ಬೇಡವೇ ಬೇಡ. ಕಳ್ಳನಿಗಿಂತ ಮೊದಲು ಮನೆಯ ಮಗುವೋ, ನೀರು ಕಟ್ಟಲು ಹೋದವರೋ, ದನವೋ ಸಾಯುತ್ತದೆ. ಅಪರಾಧವೂ ಹೌದು. ಕಬ್ಬಿಣದ ಟ್ರಾಲಿಗಾಗಿ ಒಂದು ಜೀವ ಹೋಗಬಾರದು.

ಧೂಳಿಗೆ ಬೀಗ ಹಿಡಿದುಕೊಳ್ಳುತ್ತದೆ. ಏನು ಮಾಡಬೇಕು?

ಸಂಡೂರು, ತೋರಣಗಲ್ಲು ಕಡೆ ಅದಿರಿನ ಕೆಂಪು ಧೂಳು. ಶಕ್ತಿನಗರದ ಸುತ್ತ ಹಾರುಬೂದಿ. ಉಳಿದ ಕಡೆ ಭತ್ತದ ಹೊಟ್ಟು. ಬೀಗಕ್ಕೆ ಎಣ್ಣೆ, ಗ್ರೀಸ್ ಹಾಕಿದರೆ ಮೊದಲ ವಾರ ಚೆನ್ನಾಗಿರುತ್ತದೆ. ಆಮೇಲೆ ಧೂಳು ಅದಕ್ಕೆ ಅಂಟಿ ಗಟ್ಟಿಯಾಗುತ್ತದೆ. ಬೀಗದ ಬಾಯಿಗೆ ಗ್ರಾಫೈಟ್ ಪುಡಿ ಹಾಕಿ, ಅದು ಒಣ ಪುಡಿ, ಧೂಳನ್ನು ಹಿಡಿಯುವುದಿಲ್ಲ. ಸಿಗದಿದ್ದರೆ ಸೀಸದ ಕಡ್ಡಿಯ ಪೆನ್ಸಿಲ್ ಮೊನೆಯನ್ನು ಕೀಲಿಕೈಗೆ ಉಜ್ಜಿ ನಾಲ್ಕು ಸಲ ಒಳಗೆ ಹೊರಗೆ ಆಡಿಸಿ, ಪೆನ್ಸಿಲ್ಲಿನಲ್ಲಿರುವುದೂ ಗ್ರಾಫೈಟೇ. ಗ್ರೀಸ್ ಏನಿದ್ದರೂ ಕ್ಲ್ಯಾಂಪ್ ಮಡಚುವ ಜಾಗಕ್ಕೆ. ಹಳೆ ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ ಬೀಗದ ಮೇಲೆ ಹೊದಿಸಿದರೆ ಮಳೆಗೂ ಆಗುತ್ತದೆ, ಏಪ್ರಿಲ್-ಮೇ ಬಿಸಿಲಿಗೂ ಆಗುತ್ತದೆ. 40 ಡಿಗ್ರಿ ದಾಟಿದ ಮಧ್ಯಾಹ್ನ ಬರೀ ಕಬ್ಬಿಣ ಮುಟ್ಟಲು ಆಗುವುದಿಲ್ಲ.

ಟ್ರಾಲಿ ತಿಂಗಳುಗಟ್ಟಲೆ ನಿಂತೇ ಇದ್ದರೆ ಆಗಾಗ ಲಾಕ್ ತೆಗೆದು ಗಾಲಿಯನ್ನು ಸ್ವಲ್ಪ ಉರುಳಿಸಿ ನಿಲ್ಲಿಸಿ. ಟೈರು ಒಂದೇ ಕಡೆ ಭಾರ ಹೊತ್ತು ಚಪ್ಪಟೆಯಾಗುವುದು ತಪ್ಪುತ್ತದೆ.

ಜಿಪಿಎಸ್ ಹಾಕಿಸಿದರೆ ಲಾಕ್ ಬೇಡವಾ?

ಜಿಪಿಎಸ್ ಕಳುವಾದ ಮೇಲೆ ಹುಡುಕಲು, ಲಾಕ್ ಕಳುವಾಗದಂತೆ ತಡೆಯಲು. ಟ್ರಾಲಿಗೆ ತನ್ನದೇ ಬ್ಯಾಟರಿ ಇಲ್ಲ, ಆದ್ದರಿಂದ ಚಾರ್ಜ್ ಮಾಡುವ ಮ್ಯಾಗ್ನೆಟ್ ಮಾದರಿಯನ್ನೇ ತರಬೇಕು. ಸಿಮ್ ರೀಚಾರ್ಜ್ ಮುಗಿದಿದ್ದರೆ ಅದು ಸುಮ್ನೆ ಒಂದು ಡಬ್ಬಿ. ದಪ್ಪ ಕಬ್ಬಿಣದ ಪೆಟ್ಟಿಗೆಯೊಳಗೆ ಮುಚ್ಚಿಟ್ಟರೆ ಸಿಗ್ನಲ್ ಸಿಗುವುದಿಲ್ಲ. ಬ್ಲೂಟೂತ್ ಟ್ಯಾಗ್‌ಗಳು ಹತ್ತಿರ ಹಾದುಹೋಗುವ ಫೋನುಗಳನ್ನು ನಂಬಿಕೊಂಡಿರುತ್ತವೆ, ಜನ ಓಡಾಡದ ಹೊಲದಲ್ಲಿ ಅವುಗಳ ಕೆಲಸ ಕಡಿಮೆ.

ಟ್ರಾಲಿಗೆ ನಂಬರ್ ಬರೆಸುವುದು ಅಷ್ಟು ಮುಖ್ಯವೇ?

ಬಹಳ ಮುಖ್ಯ. ಕಾನೂನಿನ ಪ್ರಕಾರ ಟ್ರಾಲಿಗೂ ಪ್ರತ್ಯೇಕ ನೋಂದಣಿ ಬೇಕು. ಬಳ್ಳಾರಿಗೆ ಕೆಎ-34, ರಾಯಚೂರಿಗೆ ಕೆಎ-36, ಕೊಪ್ಪಳಕ್ಕೆ ಕೆಎ-37. ನಂಬರನ್ನು ದೊಡ್ಡದಾಗಿ ಬರೆಸಿ. ಬಣ್ಣ ಬಳಿದು ಅಳಿಸಬಹುದು, ಹಾಗಾಗಿ ಚಾಸಿಯ ಕೆಳಗೆ ಎರಡು ಕಡೆ ನಿಮ್ಮ ಹೆಸರಿನ ಅಕ್ಷರವನ್ನು ವೆಲ್ಡಿಂಗ್ ಕಡ್ಡಿಯಿಂದಲೇ ಬರೆಸಿ. ಎಲ್ಲಿ ಬರೆಸಿದ್ದೀರಿ ಎಂದು ಊರಿಗೆಲ್ಲ ಹೇಳಬೇಡಿ. ಚಾಸಿ ನಂಬರ್, ಟೈರಿನ ನಂಬರ್, ತೊಟ್ಟಿಯ ಸೊಟ್ಟ ಸೀಳುಗಳ ಫೋಟೋ ಮೊಬೈಲ್‌ನಲ್ಲಿರಲಿ. ಸಿಕ್ಕ ಟ್ರಾಲಿ ನಿಮ್ಮದೇ ಎಂದು ಠಾಣೆಯಲ್ಲಿ ತೋರಿಸಲು ಇವೇ ಆಧಾರ.

ಟ್ರ್ಯಾಕ್ಟರ್‌ಗೂ ಬೇರೆ ಲಾಕ್ ಬೇಕಾ?

ಬೇಕು. ಹಲವು ಟ್ರ್ಯಾಕ್ಟರ್‌ಗಳಲ್ಲಿ ಒಂದರ ಕೀಲಿಕೈ ಅದೇ ಕಂಪನಿಯ ಇನ್ನೊಂದಕ್ಕೂ ಆಗುತ್ತದೆ. ಕ್ಲಚ್ ಪೆಡಲ್‌ಗೆ ಲಾಕ್, ಕಾಣದ ಜಾಗದಲ್ಲಿ ಬ್ಯಾಟರಿ ಕಟ್-ಆಫ್ ಸ್ವಿಚ್, ಇವೆರಡು ಮಾಡಿಸಿ.

ಆನೆಗೊಂದಿ, ಸಾಣಾಪುರ ಕಡೆ ಫುಡ್ ಟ್ರೇಲರ್ ಇಟ್ಟಿದ್ದೇವೆ. ಕ್ಯಾರವಾನ್ ತರುವವರೂ ಇದ್ದಾರೆ. ನಮಗೆ ಯಾವುದು?

ನಿಮ್ಮ ಗಾಲಿ ಕಾರಿನ ಅಳತೆಯದು, ಹಾಗಾಗಿ ಅಂಗಡಿಯ ಕ್ಲ್ಯಾಂಪ್ ಕೂರುತ್ತದೆ. ಇಂಗ್ಲೆಂಡಿನಲ್ಲಿ ಎಳೆಯುವ ಕ್ಯಾರವಾನ್‌ಗಳ ಕಳವು ಹಳೆಯ ಸಮಸ್ಯೆ. ಅಲ್ಲಿ ಸೋಲ್ಡ್ ಸೆಕ್ಯೂರ್ ಎಂಬ ಸಂಸ್ಥೆ ಲಾಕ್‌ಗಳನ್ನು ಒಡೆದು ನೋಡಿ ಬ್ರಾಂಜ್, ಸಿಲ್ವರ್, ಗೋಲ್ಡ್, ಡೈಮಂಡ್ ಎಂದು ದರ್ಜೆ ಕೊಡುತ್ತದೆ. ವಿಮೆ ಕಂಪನಿಗಳು ವೀಲ್ ಲಾಕ್, ಹುಕ್ಕಿನ ಲಾಕ್ ಎರಡನ್ನೂ ಕೇಳುವುದು ಅಲ್ಲಿ ಸಾಮಾನ್ಯ. ಹೊರಗಿನಿಂದ ತರಿಸುವುದಾದರೆ ಆ ದರ್ಜೆ ನೋಡಿ ತರಿಸಿ.

ನಮ್ಮಲ್ಲಿ ಬರುವ ಕ್ಯಾರವಾನ್‌ಗಳು ಹೆಚ್ಚಾಗಿ ಇಂಜಿನ್ ಇರುವ ಗಾಡಿಗಳೇ. ಅವಕ್ಕೆ ಸ್ಟೇರಿಂಗ್ ಲಾಕ್, ಪೆಡಲ್ ಲಾಕ್ ಮೊದಲು, ವೀಲ್ ಲಾಕ್ ಆಮೇಲೆ. ಫುಡ್ ಟ್ರೇಲರ್‌ನವರು ರಾತ್ರಿ ಗ್ಯಾಸ್ ಸಿಲಿಂಡರ್, ಗಲ್ಲಾಪೆಟ್ಟಿಗೆ ಒಳಗೆ ಬಿಡಬೇಡಿ. ಬಹಳ ಸಲ ಕಳ್ಳ ಬರುವುದು ಟ್ರೇಲರ್‌ಗಲ್ಲ, ಅದರೊಳಗಿನ ಸಾಮಾನಿಗೆ. ಹೊಳೆ ದಂಡೆಯಲ್ಲಿ ನಿಲ್ಲಿಸುವವರಿಗೆ ಇನ್ನೊಂದು ಮಾತು. ಡ್ಯಾಮಿನಿಂದ ನೀರು ಬಿಟ್ಟಾಗ ಬೇಗ ಎಳೆದು ಮೇಲೆ ತರಬೇಕಾಗುತ್ತದೆ, ಆಗ ಲಾಕ್‌ನ ಕೀಲಿಕೈ ಸ್ಥಳದಲ್ಲೇ ಇರಬೇಕು.

ವಿಮೆ ಇದ್ದರೆ ದುಡ್ಡು ಸಿಗುತ್ತದೆಯೇ?

ಯಾವ ವಿಮೆ ಎನ್ನುವುದರ ಮೇಲೆ ನಿಂತಿದೆ. ಥರ್ಡ್ ಪಾರ್ಟಿ ಮಾತ್ರ ಇದ್ದರೆ ಕಳುವಿಗೆ ಒಂದು ರೂಪಾಯಿಯೂ ಬರುವುದಿಲ್ಲ. ಪೂರ್ತಿ ವಿಮೆ ಇದ್ದರೂ ಪಾಲಿಸಿಯಲ್ಲಿ ಟ್ರಾಲಿಯ ಬೆಲೆಯನ್ನು ಬೇರೆಯಾಗಿ ಸೇರಿಸಿದ್ದಾರಾ ಎಂದು ಇವತ್ತೇ ತೆಗೆದು ನೋಡಿ. ವಾಹನವನ್ನು ಜೋಪಾನ ಮಾಡಲು ಮಾಲೀಕ ತಕ್ಕ ಎಚ್ಚರ ವಹಿಸಬೇಕು ಎಂಬ ಷರತ್ತೂ ಪಾಲಿಸಿಯಲ್ಲಿರುತ್ತದೆ. ಲಾಕ್ ತಂದ ರಸೀದಿ, ಹಾಕಿದ ಫೋಟೋ ಇದ್ದರೆ ಅಲ್ಲಿ ಉಪಯೋಗಕ್ಕೆ ಬರುತ್ತವೆ.

ಕಳುವಾಗಿಯೇ ಹೋಯಿತು. ಮೊದಲು ಏನು ಮಾಡಬೇಕು?

112ಕ್ಕೆ ಕರೆ ಮಾಡಿ. ಗಾಲಿ ಗುರುತು ತುಳಿಯಬೇಡಿ, ಫೋಟೋ ತೆಗೆಯಿರಿ. ಊರ ಹೊರಗಿನ ಪೆಟ್ರೋಲ್ ಬಂಕ್, ಡಾಬಾ, ಮಿಲ್‌ಗಳ ಸಿಸಿಟಿವಿ ರೆಕಾರ್ಡ್ ಕೆಲವು ದಿನಗಳಲ್ಲಿ ಅಳಿದುಹೋಗುತ್ತದೆ. ಅದನ್ನು ಉಳಿಸಿ ಎಂದು ಅವತ್ತೇ ಕೇಳಿಕೊಳ್ಳಿ.

ಅದೇ ದಿನ ಎಫ್‌ಐಆರ್ ಮಾಡಿಸಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಘಟನೆ ಯಾವ ಠಾಣೆ ವ್ಯಾಪ್ತಿಯಲ್ಲಿ ನಡೆದಿದ್ದರೂ ದೂರು ಕೊಡಬಹುದು. ಆನ್‌ಲೈನ್‌ನಲ್ಲಿ ಕೊಟ್ಟರೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ. ನಮ್ಮಲ್ಲಿ ಜಿಲ್ಲೆಯ ಗಡಿ ಹತ್ತಿರ, ಆಂಧ್ರ, ತೆಲಂಗಾಣದ ಗಡಿಯೂ ಹತ್ತಿರ. ಒಂದು ರಾತ್ರಿಯಲ್ಲಿ ಟ್ರಾಲಿ ಬೇರೆ ರಾಜ್ಯ ಸೇರಬಹುದು. ಹಾಗಾಗಿ ಎರಡು ದಿನ ನಾವೇ ಹುಡುಕೋಣ ಅಂತ ಕೂರಬೇಡಿ.

ವಿಮೆ ಕಂಪನಿಗೂ, ಸಾಲವಿದ್ದರೆ ಬ್ಯಾಂಕಿಗೂ ತಕ್ಷಣ ಬರವಣಿಗೆಯಲ್ಲಿ ತಿಳಿಸಿ. ಟ್ರ್ಯಾಕ್ಟರ್ ಕಳುವಿನ ಒಂದು ಪ್ರಕರಣದಲ್ಲಿ 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಎಫ್‌ಐಆರ್ ಕೂಡಲೇ ಆಗಿದ್ದರೆ ವಿಮೆ ಕಂಪನಿಗೆ ತಡವಾಗಿ ತಿಳಿಸಿದರು ಎಂಬ ಒಂದೇ ಕಾರಣಕ್ಕೆ ಹಣ ನಿರಾಕರಿಸುವಂತಿಲ್ಲ ಎಂದಿದೆ. ಹಾಗಂತ ತಡ ಮಾಡಬೇಡಿ. ಟ್ರಾಲಿ ಪತ್ತೆಯಾಗದಿದ್ದರೆ ಪೊಲೀಸರು ಸಿ ರಿಪೋರ್ಟ್ ಹಾಕುತ್ತಾರೆ. ವಿಮೆ ಹಣಕ್ಕೆ ಆ ಕಾಗದ ಬೇಕಾಗುತ್ತದೆ, ಠಾಣೆಗೆ ಹೋಗಿ ಕೇಳಿ ಪಡೆಯಿರಿ.

ಕಡಿಮೆ ಬೆಲೆಗೆ ಹಳೆ ಟ್ರಾಲಿ ಸಿಗುತ್ತಿದೆ, ಕಾಗದ ಇಲ್ಲ. ತೆಗೆದುಕೊಳ್ಳಬಹುದಾ?

ಬೇಡ. ಆರ್‌ಸಿ ತೋರಿಸಲಿ, ಅದರಲ್ಲಿನ ಚಾಸಿ ನಂಬರ್ ಕಬ್ಬಿಣದ ಮೇಲಿನದಕ್ಕೆ ತಾಳೆಯಾಗಲಿ. ನಂಬರ್ ಇರುವ ಜಾಗದಲ್ಲಿ ಹೊಸ ಬಣ್ಣ, ಗ್ರೈಂಡರ್ ಉಜ್ಜಿದ ಗುರುತು ಇದ್ದರೆ ಅಲ್ಲಿಂದಲೇ ತಿರುಗಿ ಬನ್ನಿ. ಕದ್ದ ಮಾಲು ಎಂದು ಗೊತ್ತಿದ್ದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಅಡಿ ಕೊಂಡವರ ಮೇಲೂ ಕೇಸ್ ಆಗುತ್ತದೆ. ಟ್ರಾಲಿಯನ್ನು ಪೊಲೀಸರು ಒಯ್ಯುತ್ತಾರೆ, ಕೊಟ್ಟ ದುಡ್ಡು ವಾಪಸ್ ಬರುವುದಿಲ್ಲ.